ದೊಡ್ಡವರಿಗೆ ಚಿತ್ರ ಕಲಿಸುವಾಗ ಅವರ ಹಾಳೆ ನಾನು ಮುಟ್ಟುವುದಿಲ್ಲ

ದೊಡ್ಡವರಿಗಾಗಿ ನಡೆಸುವ ನನ್ನ ಚಿತ್ರಕಲಾ ತರಗತಿಯಲ್ಲಿ ಒಂದು ನಿಯಮವಿದೆ. ಕಲಿಯುವವರ ಹಾಳೆಯ ಮೇಲೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಎಷ್ಟು ಕೇಳಿಕೊಂಡರೂ ಇಲ್ಲ. ತೋರಿಸಲೇಬೇಕಾದಾಗ ಪಕ್ಕದಲ್ಲಿ ನನ್ನದೇ ಹಾಳೆ ಇಟ್ಟುಕೊಂಡು ತೋರಿಸುತ್ತೇನೆ.

ಇಲ್ಲಿಗೆ ಬರುವವರು ಆಫೀಸು ಮುಗಿಸಿ ಬರುವವರು, ನಿವೃತ್ತರಾದವರು, ಮಕ್ಕಳು ದೊಡ್ಡವರಾಗಿ ಸ್ವಲ್ಪ ಬಿಡುವು ಸಿಕ್ಕವರು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಅವರು ಮನೆಗೆ ಒಯ್ಯುವುದು ಒಂದು ಹಾಳೆ, ಅಷ್ಟೇ. ಅದರಲ್ಲಿ ಚೆನ್ನಾಗಿರುವ ಭಾಗ ನಾನು ತಿದ್ದಿದ್ದಾಗಿದ್ದರೆ ಅದು ಅವರಿಗೆ ಗೊತ್ತಿರುತ್ತದೆ. ಮನೆಯವರು ಹೊಗಳಿದಾಗಲೆಲ್ಲ ಒಳಗೆ ಚುಚ್ಚುತ್ತದೆ. ಮುಂದಿನ ವಾರ "ಮೇಡಂ, ಆ ಮೂಗೊಂದು ಸರಿ ಮಾಡಿಕೊಡಿ" ಎಂದು ನನಗಾಗಿ ಕಾಯುತ್ತಾ ಕೂರುತ್ತಾರೆ.

ಮೊದಲ ದಿನ ಹೆಚ್ಚುಕಡಿಮೆ ಎಲ್ಲರ ಮಾತೂ ಒಂದೇ. "ನಂಗೆ ಒಂದು ಗೆರೆ ನೆಟ್ಟಗೆ ಎಳೆಯೋಕೂ ಬರಲ್ಲ." ನೆಟ್ಟಗಿನ ಗೆರೆಗೆ ಸ್ಕೇಲ್ ಇದೆ. ಮುಖದಲ್ಲಿ, ಮರದಲ್ಲಿ, ಬಟ್ಟೆಯ ಮಡಿಕೆಯಲ್ಲಿ ಅಂಥ ಗೆರೆ ಹುಡುಕಿದರೂ ಸಿಗುವುದಿಲ್ಲ. ಇವರಲ್ಲಿ ಬಹಳ ಜನ ಚಿತ್ರ ಬಿಡಿಸುವುದನ್ನು ನಿಲ್ಲಿಸಿದ್ದು ಹತ್ತು ಹನ್ನೆರಡರ ವಯಸ್ಸಿನಲ್ಲಿ. ಬಿಡಿಸಿದ್ದು ನಿಜವಾದ ವಸ್ತುವಿನ ಥರವೇ ಕಾಣಬೇಕು ಎಂಬ ಆಸೆ ಹುಟ್ಟುವ ವಯಸ್ಸು ಅದು. ಹಾಗೆ ಕಾಣಿಸುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ಬಿಟ್ಟರು. ಹಾಗಾಗಿ ಈಗ ಕೈಗೆ ಹತ್ತು ವರ್ಷ, ಕಣ್ಣಿಗೆ ಐವತ್ತು. ಒಳ್ಳೆಯ ಚಿತ್ರ ಯಾವುದು ಎಂದು ಕಣ್ಣಿಗೆ ಚೆನ್ನಾಗಿ ಗೊತ್ತು. ತನ್ನ ಕೈ ಬಿಡಿಸಿದ್ದರ ಬಗ್ಗೆ ಅದು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪು ಬರುವುದನ್ನು ತಡ ಮಾಡಿಸುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

ಅದಕ್ಕೇ ನಾನು ಪೆನ್ಸಿಲ್‌ನಿಂದ ಶುರು ಮಾಡುವುದಿಲ್ಲ. ಚೂಪಾದ ಪೆನ್ಸಿಲ್ ಕೈಗೆ ಸಿಕ್ಕರೆ ದೊಡ್ಡವರು ಹಾಳೆಯ ಒಂದು ಮೂಲೆಯಲ್ಲಿ ಕಣ್ಣಿನ ರೆಪ್ಪೆ ಬಿಡಿಸಲು ಕೂರುತ್ತಾರೆ. ಎಚ್‌ಬಿ ಪೆನ್ಸಿಲ್ ಅಂತೂ ಬರೆಯುವುದಕ್ಕೆ ಸರಿ, ನೆರಳಿಗೆ ಬಡವಾಗುತ್ತದೆ. 2ಬಿ, 4ಬಿ, 6ಬಿ ಎಂದು ಅಂಕೆ ಏರಿದಂತೆ ಸೀಸ ಮೆತ್ತಗಾಗಿ ಕಪ್ಪು ಜಾಸ್ತಿಯಾಗುತ್ತದೆ. ಅವೆಲ್ಲ ಆಮೇಲೆ. ಮೊದಲು ಕೊಡುವುದು ಚಾರ್ಕೋಲ್, ಅಂದರೆ ಸುಟ್ಟ ತೆಳು ಕಡ್ಡಿಯ ಇದ್ದಿಲು. ಅದರಿಂದ ಸಣ್ಣ ಕೆಲಸ ಮಾಡಲು ಆಗುವುದೇ ಇಲ್ಲ. ಬಟ್ಟೆಯಿಂದ ಒಮ್ಮೆ ಬಡಿದರೆ ಅರ್ಧ ಅಳಿಸಿಹೋಗುತ್ತದೆ. ಅಳಿಸಿಹೋಗುವ ಗೆರೆ ಎಳೆಯುವುದಕ್ಕೆ ಯಾರಿಗೂ ಭಯವಿಲ್ಲ.

ದೊಡ್ಡ ಹಾಳೆಯನ್ನು ಬೋರ್ಡಿಗೆ ಟೇಪ್ ಹಾಕಿ ಅಂಟಿಸಿ, ನಿಂತುಕೊಂಡೇ ಬಿಡಿಸಿ ಎನ್ನುತ್ತೇನೆ. ಮಂಡಿ ನೋವಿರುವವರು ಎತ್ತರದ ಸ್ಟೂಲ್ ತೆಗೆದುಕೊಳ್ಳುತ್ತಾರೆ. ಗೆರೆ ಬೆರಳಿನಿಂದಲ್ಲ, ಭುಜದಿಂದ ಬರಬೇಕು. ಮೊದಲ ಕೆಲಸ ಹಾಳೆಯನ್ನೆಲ್ಲ ಇದ್ದಿಲಿನಿಂದ ಬೂದು ಮಾಡುವುದು. ಆಮೇಲೆ ಹಿಸುಕಿದರೆ ಬೇಕಾದ ಆಕಾರಕ್ಕೆ ಬರುವ ಮೆತ್ತನೆಯ ರಬ್ಬರ್ ಹಿಡಿದು, ಬೆಳಕು ಬಿದ್ದಿರುವ ಕಡೆಯಷ್ಟೇ ಒತ್ತಿ ಬಣ್ಣ ಎತ್ತುವುದು. ಗೆರೆಯೇ ಇಲ್ಲದೆ ಒಂದು ಹೂಜಿ ಕತ್ತಲೆಯಿಂದ ಈಚೆ ಬರುತ್ತದೆ. ಬಿಳಿ ಹಾಳೆಯ ಹೆದರಿಕೆ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ನುಣುಪು ಹಾಳೆ ಬೇಡ. ಸ್ವಲ್ಪ ತರಿತರಿ ಇದ್ದರೆ ಪುಡಿ ಹಿಡಿದುಕೊಳ್ಳುತ್ತದೆ. ಉಳಿಸಬೇಕೆನಿಸಿದ್ದಕ್ಕೆ ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಹೊಡೆಯಬೇಕು, ಅದೂ ಕೋಣೆಯ ಹೊರಗೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವುದು ಒಳ್ಳೆಯದಲ್ಲ.

ಎರಡನೆಯ ಹಂತ ಒಂದು ಲೋಟ. ಸುಮ್ನೆ ಒಂದು ಲೋಟ ಮೇಜಿನ ಮೇಲಿಟ್ಟು ಬಿಡಿಸಿ ಎನ್ನುತ್ತೇನೆ. ಬಾಯಿಯನ್ನು ಎಲ್ಲರೂ ಅಂಡಾಕಾರವಾಗಿ ಬಿಡಿಸುತ್ತಾರೆ. ತಳಕ್ಕೆ ಬಂದಾಗ ಹೆಚ್ಚಿನವರು ಒಂದು ಅಡ್ಡಗೆರೆ ಹಾಕಿ ಮುಗಿಸುತ್ತಾರೆ. ಯಾಕೆಂದರೆ ಲೋಟ ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದು ಅವರಿಗೆ ಗೊತ್ತು. ಆದರೆ ಕಣ್ಣಿಗೆ ಕಾಣುವುದು ಬೇರೆ. ಮೇಲಿನಿಂದ ನೋಡುವಾಗ ತಳ ನಮ್ಮ ಕಣ್ಣಿನ ಮಟ್ಟದಿಂದ ಬಾಯಿಗಿಂತ ಕೆಳಗಿದೆ. ಹಾಗಾಗಿ ತಳದ ಅಂಡಾಕಾರ ಬಾಯಿಗಿಂತ ಜಾಸ್ತಿ ದುಂಡಗಿರುತ್ತದೆ. ಲೋಟವನ್ನು ನಿಧಾನವಾಗಿ ಎತ್ತಿ ಕಣ್ಣಿನ ಮಟ್ಟಕ್ಕೆ ತಂದರೆ ಬಾಯಿ ಒಂದು ಗೆರೆಯಾಗುತ್ತದೆ. ಇನ್ನೂ ಎತ್ತಿದರೆ ತಳ ಕಾಣುತ್ತದೆ. ಎಲ್ಲರೂ ಕೈಯಲ್ಲಿ ಲೋಟ ಹಿಡಿದು ಎತ್ತಿ ಇಳಿಸಿ ನೋಡುತ್ತಾರೆ. ಹಾಗೆ ಕಂಡದ್ದನ್ನು ಮತ್ತೆ ಹೇಳಿಕೊಡುವ ಅಗತ್ಯ ಬೀಳುವುದಿಲ್ಲ.

ಮುಖದ ವಿಷಯದಲ್ಲೂ ಹೀಗೇ. ಕಣ್ಣುಗಳು ತಲೆಯ ಮೇಲ್ಭಾಗದಲ್ಲಿವೆ ಎಂದು ನಮಗೆಲ್ಲ ಅನಿಸಿರುತ್ತದೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ. ನಾವು ನೋಡುವುದೆಲ್ಲ ಕಣ್ಣು ಮೂಗು ಬಾಯಿ. ಹಣೆ, ನೆತ್ತಿಗೆ ಗಮನವೇ ಇಲ್ಲ. ಹಾಗಾಗಿ ಚಿತ್ರದಲ್ಲಿ ಅವಕ್ಕೆ ಜಾಗವೂ ಸಿಗುವುದಿಲ್ಲ.

ನಿವೃತ್ತ ಎಂಜಿನಿಯರ್ ಒಬ್ಬರು ಬರುತ್ತಿದ್ದರು. ಎಲ್ಲದಕ್ಕೂ ಲೆಕ್ಕ ಬೇಕು ಅವರಿಗೆ. "ಮೇಡಂ, ಕುರ್ಚಿಯ ಕಾಲು ಉದ್ದ ಆಯ್ತು ಅನ್ಸುತ್ತೆ. ನೀವೇ ಒಂಚೂರು ಹಾಕಿಕೊಡಿ, ನೋಡಿ ಕಲಿತೀನಿ" ಎಂದರು. "ಸರ್, ಕಾಲು ಬಿಡಿ. ಕಾಲುಗಳ ನಡುವೆ ಇರುವ ಖಾಲಿ ಜಾಗ ಯಾವ ಆಕಾರದಲ್ಲಿದೆ ಹೇಳಿ" ಎಂದೆ. ತುಂಬಾ ಹೊತ್ತು ನೋಡಿದರು. ಕುರ್ಚಿ ಹೇಗಿರುತ್ತದೆ ಎಂದು ತಲೆಯಲ್ಲಿ ಒಂದು ಚಿತ್ರ ಮೊದಲೇ ಕೂತಿರುತ್ತದೆ. ಖಾಲಿ ಜಾಗಕ್ಕೆ ಅಂಥ ಸಿದ್ಧ ಚಿತ್ರವಿಲ್ಲ, ನೋಡಲೇಬೇಕು. ಖಾಲಿ ಜಾಗಗಳನ್ನಷ್ಟೇ ಬಿಡಿಸಿದರು, ಕುರ್ಚಿ ತಾನಾಗಿ ನಿಂತಿತು. ಅಳತೆ ನೋಡುವುದನ್ನೂ ಅವರು ಬೇಗ ಹಿಡಿದರು. ಪೆನ್ಸಿಲನ್ನು ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ತುದಿಯಿಂದ ಹೆಬ್ಬೆರಳಿನವರೆಗೆ ಅಗಲ ಹಿಡಿದು, ಅದೇ ಅಳತೆ ಎತ್ತರದಲ್ಲಿ ಎಷ್ಟು ಸಲ ಬರುತ್ತದೆ ಎಂದು ನೋಡುವುದು. ಇದರಲ್ಲಿ ಗುಟ್ಟು ಮೊಣಕೈಯದ್ದು. ಅದು ಪೂರ್ತಿ ನೆಟ್ಟಗಿರಬೇಕು. ಒಂದು ಸಲ ಮಡಚಿ ಇನ್ನೊಂದು ಸಲ ಚಾಚಿದರೆ ಪೆನ್ಸಿಲಿನ ದೂರ ಬದಲಾಗಿ ಅಳತೆಯೆಲ್ಲ ಸುಳ್ಳಾಗುತ್ತದೆ.

ತಮ್ಮ ತಪ್ಪು ತಮಗೇ ಕಾಣಲಿ ಎಂದು ಗೋಡೆಗೆ ಒಂದು ದೊಡ್ಡ ಕನ್ನಡಿ ಹಾಕಿದ್ದೇನೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಆಗ ಬೇರೆಯವರು ಬಿಡಿಸಿದ್ದರ ಹಾಗೆ ಕಂಡು ತಪ್ಪು ಸಿಗುತ್ತದೆ ಎಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಸಲಹೆ ಬರೆದಿದ್ದಾನೆ. ಇಂದಿಗೂ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಎಡ ಬಲ ಅದಲುಬದಲಾದ ಕೂಡಲೇ ವಾಲಿದ ಬಾಟಲಿ, ಜಾರಿದ ಕಣ್ಣು ಎದ್ದು ಕಾಣುತ್ತವೆ. ನಾನು ಹೇಳಿದರೆ ಅದು ಟೀಕೆ. ಕನ್ನಡಿಯಲ್ಲಿ ತಾವೇ ಕಂಡರೆ ನಗುತ್ತಾ ಬಂದು ತಿದ್ದಿಕೊಳ್ಳುತ್ತಾರೆ.

ಫೋನಿನಲ್ಲಿರುವ ಫೋಟೊ ನೋಡಿ ಬಿಡಿಸಬಹುದಾ ಎಂದು ಪ್ರತಿ ತಂಡದಲ್ಲೂ ಕೇಳುತ್ತಾರೆ. ಶುರುವಿನ ತಿಂಗಳುಗಳಲ್ಲಿ ಬೇಡ ಎನ್ನುತ್ತೇನೆ. ಆಳವನ್ನೆಲ್ಲ ಒಂದು ಸಪಾಟು ಮೇಲ್ಮೈಗೆ ತರುವ ಕಷ್ಟದ ಕೆಲಸವನ್ನು ಕ್ಯಾಮೆರಾ ಮಾಡಿ ಮುಗಿಸಿರುತ್ತದೆ. ನಾವು ಕಲಿಯಬೇಕಾದದ್ದೇ ಅದು. ನೆರಳಿನ ಒಳಗೆ ಕಣ್ಣಿಗೆ ಕಾಣುವ ಬಣ್ಣಗಳು ಫೋಟೊದಲ್ಲಿ ಎಷ್ಟೋ ಸಲ ಬರೀ ಕಪ್ಪಾಗಿರುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗುವುದಿಲ್ಲ. ವಾಟರ್ ಕಲರ್ ಕಲಿಯುವವರ ಬಣ್ಣ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಅತಿ ಕಷ್ಟದ್ದು. ಬಿಳಿ ಎಂದರೆ ಅಲ್ಲಿ ಖಾಲಿ ಬಿಟ್ಟ ಹಾಳೆಯೇ. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬೇಕು, ಹಿಂದಕ್ಕೆ ಬರಲು ದಾರಿ ಕಡಿಮೆ. ಒಣಗಿದ ಮೇಲೆ ಬಣ್ಣ ಪೇಲವವಾಗುತ್ತದೆ, ಅದನ್ನೂ ಊಹಿಸಿ ಹಾಕಬೇಕು. ಮಾಮೂಲಿ ಡ್ರಾಯಿಂಗ್ ಹಾಳೆ ನೀರು ಕುಡಿದು ಅಲೆಅಲೆಯಾಗುತ್ತದೆ. 300 ಜಿಎಸ್ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ ಬೇಕು. ಅದರ ಬೆಲೆ ನೋಡಿದ ಮೇಲೆ ಹಾಳು ಮಾಡಲು ಕೈ ಬರುವುದಿಲ್ಲ. ಹಾಳು ಮಾಡದೆ ಕಲಿಯಲು ಆಗುವುದೂ ಇಲ್ಲ.

ಹಾಗಾಗಿ ನಾನು ಅಕ್ರಿಲಿಕ್ ಹಿಡಿಸುತ್ತೇನೆ. ಬೇಗ ಒಣಗುತ್ತದೆ. ತಪ್ಪಿದರೆ ಮೇಲೆ ಇನ್ನೊಂದು ಪದರ ಹಾಕಬಹುದು. ಇದು ವಾಟರ್ ಕಲರ್‌ಗೆ ತದ್ವಿರುದ್ಧ, ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ. ಒಣಗಿತೆಂದರೆ ಪ್ಲಾಸ್ಟಿಕ್ಕೇ. ಬ್ರಷ್ಷನ್ನು ಹಾಗೇ ಬಿಟ್ಟರೆ ಕಸಕ್ಕೆ. ಆಯಿಲ್ ಪೇಂಟ್ ನನಗೆ ತುಂಬಾ ಇಷ್ಟ, ಆದರೆ ಎಲ್ಲರೂ ಹಂಚಿಕೊಳ್ಳುವ ಹಾಲ್‌ನಲ್ಲಿ ಟರ್ಪೆಂಟೈನ್ ವಾಸನೆ ಕೆಲವರಿಗೆ ತಲೆನೋವು ತರುತ್ತದೆ. ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಆಯಿಲ್ ಪೇಂಟ್‌ನಲ್ಲಿ ಬಳಸುವ ಅಗಸೆ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕದ ಜೊತೆ ಸೇರಿ. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಕಟ್ಟಿ ಮೂಲೆಗೆ ಎಸೆದರೆ ತಾವಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರು ತುಂಬಿದ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ. ಈ ಮಾತನ್ನು ನಾನು ಪ್ರತಿ ತಂಡಕ್ಕೂ ಗಟ್ಟಿಯಾಗಿ ಹೇಳುತ್ತೇನೆ.

ಮೊದಲ ಚಿತ್ರ ಒಂದೇ ಕಂದು ಬಣ್ಣ ಮತ್ತು ಬಿಳಿಯಲ್ಲಿ. ನೆರಳು ಬೆಳಕು ಸರಿ ಕೂತರೆ ಆಮೇಲೆ ಯಾವ ಬಣ್ಣ ಹಾಕಿದರೂ ನಿಲ್ಲುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತದೆ. ಅರ್ಧ ಮುಚ್ಚಿದಾಗ ಸಣ್ಣಪುಟ್ಟ ವಿವರ ಮಾಯವಾಗಿ ಕತ್ತಲು ಬೆಳಕಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಕಪ್ಪು ಟ್ಯೂಬ್ ಕೊಡುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಸೇರಿಸಿದರೆ ಕಪ್ಪಿಗೆ ಹತ್ತಿರದ ಗಾಢ ಬೂದು ಸಿಗುತ್ತದೆ. ನೀಲಿ ಜಾಸ್ತಿಯಾದರೆ ತಣ್ಣಗೆ, ಕಂದು ಜಾಸ್ತಿಯಾದರೆ ಬೆಚ್ಚಗೆ. ಈ ಎರಡರಿಂದಲೇ ಎಷ್ಟು ಥರದ ಬೂದು ಬರುತ್ತದೆ ಎಂದು ನೋಡುತ್ತಾ ಒಂದಿಡೀ ಸಂಜೆ ಕಳೆಯುತ್ತೇವೆ. ನನಗೆ ಅತ್ಯಂತ ಖುಷಿ ಕೊಡುವ ಸಂಜೆ ಅದು.

ಆಮೇಲೆ ಶೆವ್ರಲ್ ಕಥೆ ಹೇಳುತ್ತೇನೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ. ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಈ ವಿಷಯವನ್ನು ವಿವರವಾಗಿ ಬರೆದು 1839ರಲ್ಲಿ ಪ್ರಕಟಿಸಿದ. ನಮ್ಮ ತರಗತಿಯಲ್ಲಿ ಒಂದೇ ಬೂದು ಕಾಗದದ ಎರಡು ಚೂರು ಕತ್ತರಿಸಿ, ಒಂದನ್ನು ಕೆಂಪು ಹಾಳೆಯ ಮೇಲೆ, ಇನ್ನೊಂದನ್ನು ಹಸಿರು ಹಾಳೆಯ ಮೇಲೆ ಇಡುತ್ತೇವೆ. ಎರಡೂ ಒಂದೇ ಎಂದು ಯಾರೂ ನಂಬುವುದಿಲ್ಲ. "ನನ್ನ ಬಣ್ಣ ಸರಿ ಬರ್ತಿಲ್ಲ" ಎಂದು ಅದೇ ಜಾಗವನ್ನು ತಿದ್ದುತ್ತಾ ಕೂತವರಿಗೆ ಅಂದಿನಿಂದ ಪಕ್ಕದ ಬಣ್ಣ ಬದಲಿಸಿ ನೋಡುವ ಧೈರ್ಯ ಬರುತ್ತದೆ.

ಕೈ ನಡುಗುವವರು, ಬೆರಳ ಗಂಟು ನೋಯುವವರು ಬರುತ್ತಾರೆ. ಅವರಿಗೆ ಕೊಲಾಜ್ ಇದೆ. ಹಾಳೆಗಳಿಗೆ ತಾವೇ ಬಣ್ಣ ಬಳಿದು, ಹರಿದು ಅಥವಾ ಕತ್ತರಿಸಿ ಅಂಟಿಸುವುದು. ಫ್ರಾನ್ಸಿನ ಚಿತ್ರಕಾರ ಮತೀಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಹಾಸಿಗೆ, ಗಾಲಿಕುರ್ಚಿಯಲ್ಲೇ ಹೆಚ್ಚು ಕಾಲ ಕಳೆಯಬೇಕಾಯಿತು. ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಮಾಡಿದ ಅವನ ಕೊನೆಯ ವರ್ಷಗಳ ಕೆಲಸ ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿದೆ. ಅಮೆರಿಕದ ಗ್ರ್ಯಾಂಡ್ಮಾ ಮೋಸೆಸ್ ಕಸೂತಿ ಹಾಕುತ್ತಿದ್ದವರು. ಕೀಲುನೋವಿನಿಂದ ಸೂಜಿ ಹಿಡಿಯಲು ಕಷ್ಟವಾಗಿ, ಎಪ್ಪತ್ತು ದಾಟಿದ ಮೇಲೆ ಬ್ರಷ್ ಹಿಡಿದರು. 101 ವರ್ಷ ಬದುಕಿದರು. ರವೀಂದ್ರನಾಥ ಟ್ಯಾಗೋರ್ ಚಿತ್ರಕಲೆಯನ್ನು ಗಂಭೀರವಾಗಿ ಹಿಡಿದದ್ದು ಅರವತ್ತರ ನಂತರ, ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್‌ನಲ್ಲಿ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಎಂದು ಮನೆಯಲ್ಲಿ ಕೇಳಿಸಿಕೊಂಡು ಬಂದವರಿಗೆ ಈ ಹೆಸರುಗಳು ಕೈಗೆ ಸಿಕ್ಕ ಆಧಾರ.

ಲಿನೋ ಎಂಬ ಮೆತ್ತನೆಯ ಹಲಗೆಯನ್ನು ಕೆತ್ತಿ, ಶಾಯಿ ಬಳಿದು ಅಚ್ಚು ತೆಗೆಯುವುದನ್ನು ವರ್ಷದ ಕೊನೆಗೆ ಇಟ್ಟುಕೊಳ್ಳುತ್ತೇನೆ. ಎರಡೇ ಮಾತು. ಉಳಿ ಹಿಡಿದ ಕೈಯ ಮುಂದೆ ಇನ್ನೊಂದು ಕೈ ಇರಬಾರದು. ಹೆಸರು ಕೆತ್ತುವುದಾದರೆ ಉಲ್ಟಾ ಕೆತ್ತಬೇಕು.

ತರಗತಿಯ ಕೊನೆಯಲ್ಲಿ ಎಲ್ಲ ಹಾಳೆಗಳನ್ನೂ ಗೋಡೆಗೆ ಅಂಟಿಸುತ್ತೇವೆ. ಹೆಸರಿಲ್ಲದೆ, ಹಿಂಬದಿಯಲ್ಲಿ ತಾರೀಖು ಮಾತ್ರ. "ಚೆನ್ನಾಗಿದೆ" ಎನ್ನುವ ಮಾತಿಗೆ ಅವಕಾಶವಿಲ್ಲ. ಏನು ಕಾಣುತ್ತಿದೆ ಎಂದು ಹೇಳಬೇಕು. "ಈ ಬಾಟಲಿಯ ನೆರಳು ಮೇಜಿಗೆ ಅಂಟಿಕೊಂಡಿದೆ", "ನನ್ನ ಕಣ್ಣು ಮೊದಲು ಈ ಮೂಲೆಗೆ ಹೋಗುತ್ತೆ." ಹೊಗಳಿಕೆ ಮಾತ್ರ ಇದ್ದರೆ ಹೊಗಳಿಕೆ ಸಿಗದವರು ಮುಂದಿನ ವಾರ ಬರುವುದಿಲ್ಲ. ನೋಡಿದ್ದನ್ನು ಹೇಳುವ ಮಾತು ಎಲ್ಲರ ಹಾಳೆಗೂ ಸಿಗುತ್ತದೆ. ಹೊಸಬರೂ ಹಳಬರೂ ಒಂದೇ ಕೋಣೆಯಲ್ಲಿ ಇರಲಿ ಎಂದು ನಾನು ಬಯಸುವುದೂ ಇದಕ್ಕೇ. ಹಳಬರೂ ಹತ್ತು ಸಲ ಅಳಿಸುತ್ತಾರೆ ಎಂಬುದನ್ನು ಹೊಸಬರು ಕಣ್ಣಾರೆ ನೋಡಬೇಕು, ಅಲ್ವಾ?

ದೊಡ್ಡವರು ತಪ್ಪಿಸಿಕೊಳ್ಳುತ್ತಾರೆ. ಆಫೀಸಿನ ಕೆಲಸ, ಮನೆಯಲ್ಲಿ ಕಾಯಿಲೆ, ಮೊಮ್ಮಕ್ಕಳ ಜವಾಬ್ದಾರಿ. ಪಾಠಗಳನ್ನು ಒಂದರ ಮೇಲೊಂದು ಪೇರಿಸಿದರೆ ಎರಡು ವಾರ ತಪ್ಪಿದವರು ನಾಚಿಕೆಯಿಂದ ಪೂರ್ತಿ ಬಿಟ್ಟುಬಿಡುತ್ತಾರೆ. ಆದ್ದರಿಂದ ಪ್ರತಿ ತರಗತಿ ಅಂದೇ ಶುರುವಾಗಿ ಅಂದೇ ಮುಗಿಯುವಂತೆ ನೋಡಿಕೊಳ್ಳುತ್ತೇನೆ. ತಿಂಗಳು ಬಿಟ್ಟು ಬಂದವರಿಗೆ ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಬೋರ್ಡು ಕೊಟ್ಟು ಜಾಗ ತೋರಿಸುತ್ತೇನೆ.

ಇಂಥದ್ದೊಂದು ತರಗತಿ ಶುರು ಮಾಡುವ ಮನಸ್ಸಿರುವವರು ಹೆಚ್ಚೇನೂ ಹೊಂದಿಸಬೇಕಿಲ್ಲ. ಕೈ ತೊಳೆಯಲು ಸಿಂಕ್ ಇರುವ ಕೋಣೆ, ಹಾಳೆ ಅಂಟಿಸಲು ತಲಾ ಒಂದು ಹಲಗೆ, ಒಂದು ಕನ್ನಡಿ, ಒಂದು ಪಕ್ಕದಿಂದ ಬೆಳಕು ಚೆಲ್ಲುವ ದೀಪ. ಸೂರಿನ ಟ್ಯೂಬ್‌ಲೈಟ್‌ಗಳನ್ನು ಆದಷ್ಟು ಆರಿಸಿ. ಎಲ್ಲ ಕಡೆಯಿಂದ ಬೆಳಕು ಬಿದ್ದರೆ ಲೋಟಕ್ಕೆ ನಾಲ್ಕು ನೆರಳು ಬಂದು ಯಾವುದನ್ನು ಬಿಡಿಸುವುದೆಂದು ತಿಳಿಯುವುದಿಲ್ಲ. ದೀಪವನ್ನು ವಸ್ತುವಿಗಿಂತ ಸ್ವಲ್ಪ ಎತ್ತರದಲ್ಲಿ, ಓರೆಯಾಗಿ ಇಡಿ. ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಹಾಕಿದರೆ ಪ್ರತಿಯೊಬ್ಬರಿಗೂ ಬೇರೆ ನೋಟ ಸಿಗುತ್ತದೆ. ಆಗ ಒಬ್ಬರ ಹಾಳೆಯನ್ನು ಇನ್ನೊಬ್ಬರದ್ದಕ್ಕೆ ಹೋಲಿಸುವುದೂ ಕಡಿಮೆಯಾಗುತ್ತದೆ.