ತಲೆನೋವು, ಶುಂಠಿ ಟೀ ಮತ್ತೆ ನನ್ನ ಭಾನುವಾರಗಳು

ನಂಗೂ ತಲೆನೋವಿಗೂ ಹಳೇ ಪರಿಚಯ. ದಿನವಿಡೀ ಸ್ಕ್ರೀನ್ ಮುಂದೆ ಕೂರೋರಿಗೆ ಹೇಳಿದ್ರೆ ತಕ್ಷಣ ಗೊತ್ತಾಗುತ್ತೆ, ಮಧ್ಯಾಹ್ನ ಮೂರು ನಾಲ್ಕು ಗಂಟೆ ಹೊತ್ತಿಗೆ ಹಣೆ ಸುತ್ತ ಬಟ್ಟೆ ಬಿಗಿದು ಕಟ್ಟಿದ ಹಾಗೆ ಶುರುವಾಗಿ ನಿಧಾನಕ್ಕೆ ಕತ್ತಿನ ಹಿಂದಕ್ಕೆ ಇಳಿಯುತ್ತೆ, ಸಿಡಿತ ಇಲ್ಲ, ವಾಂತಿ ಇಲ್ಲ, ಸುಮ್ನೆ ಬಿಗಿತ. ಡಾಕ್ಟರ್ ಇದಕ್ಕೆ ಟೆನ್ಷನ್ ತಲೆನೋವು ಅಂದ್ರು. ವರ್ಷಕ್ಕೆ ನಾಲ್ಕೈದು ಸಲ ಮೈಗ್ರೇನೂ ಬರುತ್ತೆ, ಅದು ಬೇರೆ ಕಥೆ, ಅವತ್ತು ಲೈಟ್ ಆಫ್ ಮಾಡಿ ಮಲಗೋದೇ.

ಹರ್ಬಲ್ ಟೀ ಕಡೆ ನಾನು ಬಂದಿದ್ದು ಭಕ್ತಿಯಿಂದ ಅಲ್ಲ, ಭಯದಿಂದ. ಒಂದು ಸಲ ಡಾಕ್ಟರ್ ಹತ್ರ ಹೋದಾಗ "ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀರಾ" ಅಂತ ಕೇಳಿದ್ರು, ನಾನು ಐದಾರು ಅಂದೆ, ಮನೆಗೆ ಬಂದು ಖಾಲಿ ಸ್ಟ್ರಿಪ್ ನೋಡಿ ದಿನ ಲೆಕ್ಕ ಹಾಕಿದ್ರೆ ಹದಿನಾರು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರದ ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಅದೂ ಮೂರು ತಿಂಗಳು ದಾಟಿ ತಗೊಂಡ್ರೆ ಆ ಮಾತ್ರೆಯಿಂದಲೇ ತಲೆನೋವು ಬರೋಕೆ ಶುರುವಾಗಬಹುದಂತೆ, ಎರಡು ಮೂರು ಔಷಧಿ ಸೇರಿಸಿರೋ ಮಾತ್ರೆ ಮತ್ತೆ ಮೈಗ್ರೇನಿಗೆ ಅಂತಲೇ ಕೊಡೋ ಟ್ರಿಪ್ಟಾನ್ ಅನ್ನೋ ಜಾತಿ ಮಾತ್ರೆ ಆದ್ರೆ 10 ದಿನವೇ ಮಿತಿ. ಅಂದ್ರೆ ನೋವಿಗೆ ಮಾತ್ರೆ, ಮಾತ್ರೆಗೆ ನೋವು. ಅವತ್ತು ಒಂದು ನೋಟ್‌ಬುಕ್ ತಗೊಂಡೆ. ನೋವು ಶುರುವಾದ ಟೈಮ್, ಹಿಂದಿನ ರಾತ್ರಿ ನಿದ್ದೆ, ಏನು ಕುಡಿದೆ, ಒಂದು ಗಂಟೆ ಆದಮೇಲೆ ಹೇಗಿತ್ತು, ಇಷ್ಟೇ ಬರೀತಿದ್ದೆ.

ಮೊದಲು ಕೈ ಹಾಕಿದ್ದು ಶುಂಠಿಗೆ. ಮೊದಲ ವಾರ ಮಾಡಿದ್ದೆಲ್ಲ ತಪ್ಪೇ, ಬಿಸಿ ನೀರಿಗೆ ಎರಡು ಚೂರು ಹಾಕಿ ಎರಡು ನಿಮಿಷಕ್ಕೆ ಕುಡಿದುಬಿಡ್ತಿದ್ದೆ, ಅದು ಶುಂಠಿ ಟೀ ಅಲ್ಲ, ಶುಂಠಿ ಸ್ನಾನ ಮಾಡಿದ ನೀರು. ಬೇರು, ತೊಗಟೆ ತರದ ಗಟ್ಟಿ ಪದಾರ್ಥ ಆದ್ರೆ ಕುದಿಸಬೇಕು, ಎಲೆ ಹೂವು ಆದ್ರೆ ಕುದಿಸಬಾರದು, ನೆನೆಸಿಡಬೇಕು, ಈ ಒಂದು ವ್ಯತ್ಯಾಸ ತಿಳ್ಕೊಳ್ಳೋಕೆ ನಂಗೆ ಒಂದು ತಿಂಗಳು ಹಿಡೀತು. ಈಗ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಹಸಿ ಶುಂಠಿ ತಗೊಂಡು ಸಿಪ್ಪೆ ಹೆರೆದು ತೆಳ್ಳಗೆ ಹೆಚ್ಚಿ, ಒಂದೂವರೆ ಕಪ್ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಳ ಓರೆ ಇಟ್ಟು ಹತ್ತು ನಿಮಿಷ ಬಿಡ್ತೀನಿ, ಒಂದು ಕಪ್‌ಗೆ ಇಳಿದಾಗ ಬಣ್ಣ ತಿಳಿ ಹಳದಿಗೆ ಬಂದಿರುತ್ತೆ, ಮೊದಲ ಗುಟುಕಿಗೇ ಗಂಟಲ ಹಿಂದೆ ಚುರುಕ್ ಅನ್ನಬೇಕು, ಅನ್ನಲಿಲ್ಲ ಅಂದ್ರೆ ಇನ್ನೂ ಆಗಿಲ್ಲ ಅಂತ ಅರ್ಥ. ಒಣಶುಂಠಿ ಪುಡಿ ಆದ್ರೆ ಇನ್ನೂ ಖಾರ, ಯಾಕಂದ್ರೆ ಹಸಿ ಶುಂಠಿಯಲ್ಲಿರೋ ಜಿಂಜರಾಲ್ ಅನ್ನೋ ಖಾರದ ಅಂಶ ಒಣಗಿದಾಗ ಶೋಗಾಲ್ ಆಗುತ್ತೆ, ಅದು ಜಾಸ್ತಿ ಘಾಟು.

ಶುಂಠಿ ಬಗ್ಗೆ ಸುಮ್ನೆ ನಂಬಿಕೆ ಮೇಲೆ ಹೇಳ್ತಿಲ್ಲ. 2014ರಲ್ಲಿ ಇರಾನ್‌ನಲ್ಲಿ ಮೈಗ್ರೇನ್ ಇರೋ 100 ಜನರ ಮೇಲೆ ಒಂದು ಪರೀಕ್ಷೆ ಮಾಡಿದ್ರು, ಅರ್ಧ ಜನಕ್ಕೆ 250 ಮಿಲಿಗ್ರಾಂ ಶುಂಠಿ ಪುಡಿ, ಇನ್ನರ್ಧಕ್ಕೆ 50 ಮಿಲಿಗ್ರಾಂ ಸುಮಾಟ್ರಿಪ್ಟಾನ್, ಅಂದ್ರೆ ಮೇಲೆ ಹೇಳಿದ ಟ್ರಿಪ್ಟಾನ್‌ಗಳಲ್ಲಿ ಒಂದು. ಎರಡು ಗಂಟೆ ಆದಮೇಲೆ ನೋವು ಇಳಿದಿದ್ದು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ತರ. ಕೇಳೋಕೆ ಭಾರಿ ಅನ್ಸುತ್ತೆ, ಆದ್ರೆ ಏನೂ ಔಷಧಿ ಇಲ್ಲದ ಸುಳ್ಳು ಮಾತ್ರೆ ಕೊಟ್ಟ ಮೂರನೇ ಗುಂಪು ಅದರಲ್ಲಿ ಇರಲಿಲ್ಲ, ಆಮೇಲೆ ಮೈಗ್ರೇನ್ ಬರದ ಹಾಗೆ ತಡೆಯೋಕೆ ದಿನಾ ಶುಂಠಿ ಕ್ಯಾಪ್ಸೂಲ್ ಕೊಟ್ಟು ನೋಡಿದ ಇನ್ನೊಂದು ಪರೀಕ್ಷೆಯಲ್ಲಿ ಸುಳ್ಳು ಮಾತ್ರೆಗಿಂತ ಜಾಸ್ತಿ ಏನೂ ಸಿಗಲಿಲ್ಲ. ಹಾಗಾಗಿ ನಾನು ದಿನಾ ಕುಡಿಯಲ್ಲ, ನೋವು ಶುರುವಾಗೋ ಸೂಚನೆ ಬಂದ ತಕ್ಷಣ ಕುಡೀತೀನಿ. ಇದು ಮುಖ್ಯ, ನೋವು ಪೂರ್ತಿ ಏರಿದ ಮೇಲೆ ಕುಡಿದಿದ್ದಕ್ಕೆಲ್ಲ ನನ್ನ ನೋಟ್‌ಬುಕ್‌ನಲ್ಲಿ "ಏನೂ ಇಲ್ಲ" ಅಂತಲೇ ಇದೆ. ಮೈಗ್ರೇನ್ ದಿನ ಹೊಟ್ಟೆ ತೊಳಸೋದಕ್ಕೆ ಮಾತ್ರ ಶುಂಠಿ ಯಾವಾಗಲೂ ಕೈ ಹಿಡಿದಿದೆ.

ಪುದೀನದ್ದು ಬೇರೆ ತರ. ಎಲೆ ಕಪ್‌ಗೆ ಹಾಕಿ ಕುದಿಯೋ ನೀರು ಸುರಿದು ತಟ್ಟೆ ಮುಚ್ಚಿಡಬೇಕು, ಏಳೆಂಟು ನಿಮಿಷ. ನಾನು ಮುಚ್ಚದೆ ಇಡ್ತಿದ್ದೆ, ಅಡುಗೆಮನೆ ಪೂರ್ತಿ ಘಮ ಘಮ, ಕಪ್‌ನಲ್ಲಿ ಮಾತ್ರ ಏನೂ ಇಲ್ಲ! ಒಂದು ದಿನ ಮುಚ್ಚಿಟ್ಟು ತಟ್ಟೆ ತೆಗೆದಾಗ ಒಳಭಾಗದಲ್ಲಿ ಸಣ್ಣ ಸಣ್ಣ ಹನಿ, ಬೆರಳಲ್ಲಿ ಒರೆಸಿ ಹಣೆಗೆ ಹಚ್ಕೊಂಡ್ರೆ ತಣ್ಣಗೆ, ಆಗ ಹೊಳೀತು ಬೇಕಾಗಿದ್ದೆಲ್ಲ ಇಷ್ಟು ದಿನ ಹಬೆ ಜೊತೆ ಹಾರಿಹೋಗ್ತಿತ್ತು ಅಂತ. ಈಗ ತಟ್ಟೆ ಮೇಲಿನ ಹನಿ ವಾಪಸ್ ಕಪ್‌ಗೇ ತಟ್ಟಿ ಹಾಕ್ತೀನಿ. ಅಂದಹಾಗೆ ಪುದೀನ ಜಾತಿಯಲ್ಲಿ ತಲೆನೋವಿಗೆ ಗಟ್ಟಿ ಸಾಕ್ಷಿ ಇರೋದು ಕುಡಿಯೋದಕ್ಕಲ್ಲ, ಹಚ್ಚೋದಕ್ಕೆ. 1996ರಲ್ಲಿ ಜರ್ಮನಿಯಲ್ಲಿ ಪೆಪ್ಪರ್‌ಮಿಂಟ್ ಎಣ್ಣೆಯನ್ನ ಆಲ್ಕೋಹಾಲ್‌ನಲ್ಲಿ 10 ಪರ್ಸೆಂಟ್‌ಗೆ ಬೆರೆಸಿ ಹಣೆಗೆ ಹಚ್ಚಿ ನೋಡಿದ್ರೆ ಟೆನ್ಷನ್ ತಲೆನೋವಿಗೆ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನಷ್ಟೇ ಕೆಲಸ ಮಾಡ್ತು. ಆ ಎಣ್ಣೆ ಹಾಗೇ ಕುಡಿಯೋಕೆ ಹೋಗಬೇಡಿ ಮತ್ತೆ, ಕಣ್ಣಿನ ಹತ್ರಾನೂ ಬೇಡ, ಚಿಕ್ಕ ಮಕ್ಕಳ ಮುಖಕ್ಕಂತೂ ಹಚ್ಚಲೇಬೇಡಿ.

ಪುದೀನ ನಂಗೆ ಒಂದು ಪಾಠಾನೂ ಕಲಿಸ್ತು. ನಂಗೆ ಹುಳಿತೇಗು ಇದೆ, ರಾತ್ರಿ ಊಟ ಆದ ತಕ್ಷಣ ಪುದೀನ ಟೀ ಕುಡಿದು ಮಲಗಿದ್ದೇ ತಡ ಎದೆಯುರಿ ಶುರುವಾಗಿ ರಾತ್ರಿ ಎರಡು ಗಂಟೆವರೆಗೆ ಎದ್ದು ಕೂತಿದ್ದೆ, ನಿದ್ದೆ ಕೆಟ್ಟಿದ್ದಕ್ಕೆ ಬೆಳಿಗ್ಗೆ ಮತ್ತೆ ತಲೆನೋವು. ಅನ್ನನಾಳದ ಕೆಳಗಿನ ಬಾಗಿಲನ್ನ ಪುದೀನ ಸಡಿಲ ಮಾಡುತ್ತೆ, ಆಸಿಡ್ ಮೇಲೆ ಬರುತ್ತೆ. ಈಗ ರಾತ್ರಿಗೆ ಕ್ಯಾಮೊಮೈಲ್ ಅಷ್ಟೇ, ಎರಡು ಚಮಚ ಒಣ ಹೂವು, ಹತ್ತು ನಿಮಿಷ. ಅದು ತಲೆನೋವು ಇಳಿಸುತ್ತೆ ಅಂತ ನಾನು ಹೇಳಲ್ಲ, ನಿದ್ದೆಗೆ ಮುಂಚೆ ಮೈ ಸಡಿಲ ಆಗುತ್ತೆ, ಸಾಕು. ಆದ್ರೆ ಸೇವಂತಿಗೆ ಜಾತಿ ಹೂವು ಅಲರ್ಜಿ ಇರೋರು ದೂರ ಇರಬೇಕು, ಅದೂ ಅದೇ ಕುಟುಂಬದ್ದು.

ಇನ್ನು ವಿಲ್ಲೋ ಅನ್ನೋ ಮರದ ತೊಗಟೆ. ಇದನ್ನ ತರಿಸಿದ್ದೆ, ಕುಡಿಯಲೇ ಇಲ್ಲ. ಇದರ ಕಥೆ ಚೆನ್ನಾಗಿದೆ, 1763ರಲ್ಲಿ ಎಡ್ವರ್ಡ್ ಸ್ಟೋನ್ ಅನ್ನೋ ಇಂಗ್ಲಿಷ್ ಪಾದ್ರಿ ಈ ತೊಗಟೆ ಪುಡಿ ಚಳಿಜ್ವರ ಇಳಿಸುತ್ತೆ ಅಂತ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಪತ್ರ ಬರೆದ, ಅದರೊಳಗಿನ ಸ್ಯಾಲಿಸಿನ್ ಅನ್ನೋ ಅಂಶದ ಹಿಂದೆ ಬಿದ್ದವರು ಕೊನೆಗೆ 1897ರ ಹೊತ್ತಿಗೆ ಆಸ್ಪಿರಿನ್‌ವರೆಗೆ ಬಂದ್ರು. ಅಮ್ಮ ಡಬ್ಬಿ ಮೂಸಿ ನೋಡಿ "ನಂಗೂ ಒಂದು ಲೋಟ ಮಾಡಿಕೊಡು, ನಿಂದು ದಿನಾ ನೋಡಿ ನೋಡಿ ಸಾಕಾಯ್ತು" ಅಂದ್ರು, ನಾನು ಪಾತ್ರೆ ಒಲೆ ಮೇಲೆ ಇಟ್ಟೂ ಆಗಿತ್ತು, ಆಗ ತಲೆಗೆ ಬಂತು, ಅಮ್ಮ ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ, ಇದು ಆಸ್ಪಿರಿನ್‌ನ ಅಣ್ಣ, ಆಸ್ಪಿರಿನ್ನೂ ರಕ್ತ ತೆಳು ಮಾಡೋದೇ. ಗ್ಯಾಸ್ ಆಫ್ ಮಾಡಿದೆ. ಆಸ್ಪಿರಿನ್ ಅಲರ್ಜಿ ಇರೋರು, ಅಲ್ಸರ್ ಇರೋರು, ಮಕ್ಕಳು, ಗರ್ಭಿಣಿಯರು ಯಾರೂ ಇದನ್ನ ಮುಟ್ಟಬಾರದು. ಜಾಸ್ತಿ ಶುಂಠಿ ಕುಡಿಯೋಕೂ ರಕ್ತ ತೆಳು ಮಾಡೋ ಮಾತ್ರೆ ಇರೋರು ಮೊದಲು ಡಾಕ್ಟರ್‌ನ ಕೇಳೋದು ಒಳ್ಳೇದು.

ಈಗ ಭಾನುವಾರದ ವಿಷಯಕ್ಕೆ ಬರ್ತೀನಿ, ಇಷ್ಟೆಲ್ಲ ಬರೆಯೋಕೆ ಕೂತಿದ್ದೇ ಅದಕ್ಕೆ. ಎರಡು ತಿಂಗಳಾದಮೇಲೆ ನೋಟ್‌ಬುಕ್ ತಿರುಗಿಸ್ತಾ ಇದ್ದಾಗ ಒಂದು ವಿಚಿತ್ರ ಕಾಣಿಸ್ತು, ವಾರದ ದಿನ ನೋವು ಕಡಿಮೆ ಆಗ್ತಿದೆ ಆದ್ರೆ ಭಾನುವಾರ ಮಧ್ಯಾಹ್ನ ಮಾತ್ರ ತಪ್ಪದೆ ತಲೆ ಹಿಡೀತಿದೆ, ಅದೂ ಬಿಗಿತ ಅಲ್ಲ, ತಲೆ ಪೂರ್ತಿ ಭಾರ, ಜೊತೆಗೆ ಸುಸ್ತು, ಯಾರ ಮೇಲಾದ್ರೂ ರೇಗೋ ಹಾಗೆ. ಭಾನುವಾರ ನಾನೇನು ಮಾಡ್ತಿದ್ದೆ? "ದೇಹಕ್ಕೆ ರೆಸ್ಟ್" ಅಂತ ಕಾಫಿ ಬಿಟ್ಟು ಬೆಳಿಗ್ಗೆಯಿಂದ ಶುಂಠಿ, ಪುದೀನ ಕುಡೀತಿದ್ದೆ. ಮೊದಲು ಶುಂಠಿ ಮೇಲೇ ಅನುಮಾನ ಬಂತು, ಉಷ್ಣ ಆಯ್ತೇನೋ ಅಂತ ಕಮ್ಮಿ ಮಾಡಿದೆ, ನೋವು ಹಾಗೇ ಇತ್ತು. ವಾರದಲ್ಲಿ ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿಯೋನು ನಾನು, ಈ ಶುಂಠಿ, ಪುದೀನ ಟೀಯಲ್ಲಿ ಕೆಫೀನ್ ಸೊನ್ನೆ, ಶನಿವಾರ ಸಂಜೆಯ ಕೊನೆ ಕಪ್ ಆಗಿ 12 ರಿಂದ 24 ಗಂಟೆ ಒಳಗೆ ಕೆಫೀನ್ ಸಿಗದ ತಲೆನೋವು ಶುರುವಾಗುತ್ತೆ, ಲೆಕ್ಕ ಹಾಕಿದ್ರೆ ಸರಿಯಾಗಿ ಭಾನುವಾರ ಮಧ್ಯಾಹ್ನ. ಎರಡು ತಿಂಗಳು ನಾನು ತಲೆನೋವಿನ ಔಷಧಿ ಅಂತ ಕುಡೀತಾ ತಲೆನೋವನ್ನ ನಾನೇ ಕರೆಸ್ಕೊಳ್ತಿದ್ದೆ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ಕಾಫಿನ ಒಂದೇ ಸಲ ಬಿಡಲಿಲ್ಲ, ವಾರಕ್ಕೆ ಅರ್ಧ ಕಪ್ ಲೆಕ್ಕದಲ್ಲಿ ಇಳಿಸ್ತಾ ಎರಡಕ್ಕೆ ತಂದೆ, ಭಾನುವಾರಾನೂ ಬೆಳಿಗ್ಗೆ ಅದೇ ಟೈಮ್‌ಗೆ ಒಂದು ಕಪ್ ಇದ್ದೇ ಇರುತ್ತೆ. ಭಾನುವಾರದ ನೋವು ಹೋಯ್ತು.

ಇನ್ನೊಂದು ಪರೀಕ್ಷೆ ಮಾಡಿದೆ, ಯಾರೂ ಹೇಳಿದ್ದಲ್ಲ, ಸುಮ್ನೆ ಕುತೂಹಲ. ಕೆಲವು ದಿನ ಶುಂಠಿ ಟೀ ಬದಲು ಅದೇ ಮಗ್‌ನಲ್ಲಿ ಬರೀ ಬಿಸಿ ನೀರು, ಅಷ್ಟೇ ಹೊತ್ತು, ಫೋನ್ ಬೇರೆ ರೂಮ್‌ನಲ್ಲಿ, ಕಣ್ಣು ಮುಚ್ಚಿ ನಿಧಾನಕ್ಕೆ ಕುಡಿಯೋದು. ಸಣ್ಣ ನೋವಿಗೆ ಅದೂ ಹೆಚ್ಚು ಕಡಿಮೆ ಅಷ್ಟೇ ಕೆಲಸ ಮಾಡ್ತು! ಅಂದ್ರೆ ಅರ್ಧ ಕೆಲಸ ನೀರಿಂದ, ಇನ್ನೊಂದಿಷ್ಟು ಸ್ಕ್ರೀನ್ ಬಿಟ್ಟು ಎದ್ದಿದ್ದರಿಂದ ಅಂತ ನನ್ನ ಅಂದಾಜು. ಶುಂಠಿಗೆ ಬೇಜಾರಾದ್ರೂ ಪರವಾಗಿಲ್ಲ.

ಒಂದು ಮಾತು, ಯಾವ ತಲೆನೋವಿಗೆ ಒಲೆ ಹಚ್ಚಬಾರದು ಅನ್ನೋದೂ ಗೊತ್ತಿರಬೇಕು. ಸಿಡಿಲು ಹೊಡೆದ ಹಾಗೆ ಒಂದೇ ನಿಮಿಷದಲ್ಲಿ ಏರೋ ನೋವು, ಜ್ವರದ ಜೊತೆ ಕತ್ತು ಬಗ್ಗಿಸೋಕಾಗದ ನೋವು, ಕೈಕಾಲು ಸೋಲೋದು, ಮಾತು ತೊದಲೋದು, ದೃಷ್ಟಿ ಹೋಗೋದು, ತಲೆಗೆ ಪೆಟ್ಟು ಬಿದ್ದ ಮೇಲೆ ಬರೋ ನೋವು, ಇವಕ್ಕೆಲ್ಲ ಸೀದಾ ಆಸ್ಪತ್ರೆ. 50 ದಾಟಿದ ಮೇಲೆ ಮೊದಲನೇ ಸಲ ಬರೋ ಹೊಸ ತರದ ತಲೆನೋವನ್ನೂ ತೋರಿಸ್ಲೇಬೇಕು.

ಈಗ ತಿಂಗಳಿಗೆ ಮೂರು ನಾಲ್ಕು ದಿನ ಮಾತ್ರೆ, ಅದಕ್ಕೆ ನಂಗೆ ನಾಚಿಕೆ ಏನೂ ಇಲ್ಲ, ಬೇಕಾದಾಗ ತಗೋತೀನಿ. ವಿಲ್ಲೋ ತೊಗಟೆ ಡಬ್ಬಿ ಎಸೆದಾಯ್ತು. ಅಮ್ಮ ಮಾತ್ರ ಈಗಲೂ ಆಗಾಗ ಕೇಳ್ತಾರೆ, "ಅವತ್ತು ಮಾಡ್ತೀನಿ ಅಂದಿದ್ದು ಎಲ್ಲೋಯ್ತು" ಅಂತ, ನಾನು ಒಂದು ಲೋಟ ಕ್ಯಾಮೊಮೈಲ್ ಮಾಡಿಕೊಡ್ತೀನಿ, ಅರ್ಧ ಕುಡಿದು "ಹುಲ್ಲಿನ ನೀರು" ಅಂತ ಪಕ್ಕಕ್ಕಿಡ್ತಾರೆ.