ದೊಡ್ಡ ಹಾಲಿಬಟ್ ಸಿಕ್ಕರೆ ದೋಣಿಯೊಳಗೆ ಎಳೆಯಲು ಅವಸರ ಬೇಡ
ಸಣ್ಣ ದೋಣಿಯಲ್ಲಿ ಹಾಲಿಬಟ್ ಹಿಡಿಯಲು ಹೋಗುವವರು ಇದನ್ನು ಓದಿಕೊಂಡು ಹೋಗಿ. ತಣ್ಣನೆಯ ಕಡಲಿನ ತಳದಲ್ಲಿರುವ ಈ ಚಪ್ಪಟೆ ಮೀನು 200 ಕಿಲೋ ದಾಟಿ ಬೆಳೆಯಬಲ್ಲದು. ಮೇಲೆ ಬರುವಾಗ ಎಷ್ಟೋ ಸಲ ಹಲಗೆಯ ಹಾಗೆ ಸುಮ್ನೆ ಬರುತ್ತದೆ, ಸುಸ್ತಾಗಿದೆ ಅಂತ ನಂಬಬೇಡಿ. ದೋಣಿ ಕಂಡ ಕೂಡಲೇ ಮತ್ತೆ ತಳಕ್ಕೆ ನುಗ್ಗಬಹುದು, ಆಗ ದಾರವನ್ನು ಕೈಗೆ ಸುತ್ತಿಕೊಂಡಿದ್ದರೆ ಬೆರಳಿಗೇ ಅಪಾಯ.

ದೊಡ್ಡದನ್ನು ಜೀವಂತವಾಗಿ ಒಳಗೆ ಎಳೆಯಲೇಬೇಡಿ. ಒದ್ದಾಡುವ ಮೀನಿನ ಬಾಲ ಬಡಿದರೆ ಕಾಲಿನ ಮೂಳೆ ಮುರಿಯಬಹುದು. ತಲೆಯನ್ನು ನೀರಿನಲ್ಲೇ ಇರಿಸಿ, ಹಗ್ಗ ಮತ್ತು ತೇಲುವ ಬುರುಡೆ ಕಟ್ಟಿದ ಈಟಿಯಿಂದ ಕಿವಿರಿನ ಹಿಂದೆ ಚುಚ್ಚಿ, ಆಮೇಲೆ ಕಿವಿರು ಕತ್ತರಿಸಿ, ರಕ್ತ ಹರಿದು ಪೂರ್ತಿ ಸಾಯುವ ತನಕ ದೋಣಿಯ ಪಕ್ಕದಲ್ಲೇ ಕಟ್ಟಿಡಿ. ತೀರಾ ದೊಡ್ಡವು ಬಹುತೇಕ ಮೊಟ್ಟೆ ಇಡುವ ಹೆಣ್ಣುಗಳೇ, ಹಾಗಾಗಿ ಬಿಟ್ಟುಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಲಂಗರು ಹಗ್ಗವನ್ನು ದೋಣಿಯ ಮುಂಭಾಗಕ್ಕೇ ಕಟ್ಟಿ. ಹಿಂಭಾಗಕ್ಕೆ ಕಟ್ಟಿದರೆ ಸೆಳೆತ ಜಾಸ್ತಿಯಾದಾಗ ಹಿಂಬದಿ ತಗ್ಗಿ ನೀರು ಒಳಗೆ ನುಗ್ಗುತ್ತದೆ. ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಏನು ಪ್ರಯೋಜನ? ಹಾಕಿಕೊಂಡೇ ಇರಿ, ಅಷ್ಟು ತಣ್ಣನೆಯ ನೀರಿಗೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಕೈ ಮರಗಟ್ಟುತ್ತದೆ.