ಆರ್‌ಎಂಯು ಪೆಟ್ಟಿಗೆಗೆ 4ಜಿ: ಕಡ್ಡಿ ಎಣಿಸಿದರೆ ಸಾಲದು

11 ಕೆವಿ ಆರ್‌ಎಂಯು (ವಿದ್ಯುತ್ ಲೈನ್‌ಗಳನ್ನು ಜೋಡಿಸುವ, ಬಿಡಿಸುವ ಸ್ವಿಚ್‌ಗಳ ಪೆಟ್ಟಿಗೆ) ಪಕ್ಕದ ಆರ್‌ಟಿಯುಗೆ (ಅದರ ಸ್ಥಿತಿಯನ್ನು ಕಂಟ್ರೋಲ್ ಸೆಂಟರ್‌ಗೆ ತಿಳಿಸುವ ಸಾಧನ) 4ಜಿ ಮೋಡೆಮ್ ಕೂರಿಸುವ ಮುನ್ನ ನಾನು ಮಾಡುವ ಪರೀಕ್ಷೆ ಇದು. ಮೊಬೈಲ್ ನೋಡಿ ‘ನಾಲ್ಕು ಕಡ್ಡಿ’ ಎಂದು ಬರೆದುಕೊಂಡು ಬರುವವರಿದ್ದಾರೆ. ಮೊಬೈಲ್ ಬಯಲಲ್ಲಿರುತ್ತದೆ, ಮೋಡೆಮ್ ಇರುವುದು ತಗಡಿನ ಪೆಟ್ಟಿಗೆಯೊಳಗೆ.

ಹಾಗಾಗಿ ಅಲ್ಲಿ ಹಾಕಲಿರುವ ಮೋಡೆಮ್, ಕೇಬಲ್, ಆಂಟೆನಾಗಳಿಂದಲೇ, ಬಾಗಿಲು ಮುಚ್ಚಿ ಅಳೆಯುತ್ತೇನೆ. ಆಂಟೆನಾ ಒಳಗಿದ್ದರೆ ಬಾಗಿಲು ಹಾಕಿದ ಕೂಡಲೇ ಸಿಗ್ನಲ್ 10–20 ಡಿಬಿ (ಡೆಸಿಬೆಲ್) ಇಳಿಯುವುದು ಸಾಮಾನ್ಯ. ಹೊರಗೆ ತಂದರೂ ಕೇಬಲ್ ಗಿಡ್ಡವಿರಲಿ: ಆರ್‌ಜಿ-58 ಕೇಬಲ್ 10 ಮೀಟರ್ ಎಳೆದರೆ 850 ಮೆಗಾಹರ್ಟ್ಸ್‌ನಲ್ಲೇ ಸುಮಾರು 5 ಡಿಬಿ ಹೋಯಿತು, 1800ರಲ್ಲಿ ಇನ್ನೂ ಹೆಚ್ಚು. ವೈಫೈನ ಆರ್‌ಪಿ-ಎಸ್‌ಎಂಎ ಆಂಟೆನಾ ಮೋಡೆಮ್‌ನ ಎಸ್‌ಎಂಎ ಕನೆಕ್ಟರ್ ಮೇಲೆ ಸಲೀಸಾಗಿ ತಿರುಗಿ ಕೂರುತ್ತದೆ, ಆದರೆ ನಡುವಿನ ಪಿನ್ನೇ ಇರುವುದಿಲ್ಲ. ಸಿಗ್ನಲ್ ವಿಚಿತ್ರವಾಗಿ ಕಡಿಮೆ ಕಂಡರೆ ಮೊದಲು ಬಿಚ್ಚಿ ನೋಡುವುದು ಇದನ್ನೇ.

ಆರ್‌ಎಸ್‌ಆರ್‌ಪಿಗಿಂತ (ಟವರ್‌ನಿಂದ ಬರುವ ಸಿಗ್ನಲ್‌ನ ಬಲ) ಎಸ್‌ಐಎನ್‌ಆರ್‌ಗೆ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂಬ ಅಳತೆ) ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆರ್‌ಎಸ್‌ಆರ್‌ಪಿ -105 ಡಿಬಿಎಂ ಇದ್ದು ಎಸ್‌ಐಎನ್‌ಆರ್ 12 ಡಿಬಿ ಇದ್ದರೆ ಲಿಂಕ್ ಕಡಿಯದೆ ಉಳಿಯುತ್ತದೆ. -85 ಇದ್ದೂ ಎಸ್‌ಐಎನ್‌ಆರ್ ಸೊನ್ನೆಯ ಆಸುಪಾಸಿದ್ದರೆ ಎರಡು ಮೂರು ಟವರ್‌ಗಳು ಒಂದರ ಮೇಲೊಂದು ಕೂಗಾಡುತ್ತಿವೆ ಎಂದರ್ಥ. ಅಲ್ಲಿ ಆಂಪ್ಲಿಫೈಯರ್ ಹಾಕಿ ಪ್ರಯೋಜನವಿಲ್ಲ, ಗದ್ದಲವೂ ಜತೆಗೇ ದೊಡ್ಡದಾಗುತ್ತದೆ.

ಇನ್ನು ಪಿಂಗ್, ಅಂದರೆ ಆಚೆ ತುದಿ ಉತ್ತರಿಸುತ್ತದೆಯೇ ಎಂದು ನೋಡಲು ಕಳಿಸುವ ಪ್ಯಾಕೆಟ್. ಸೆಕೆಂಡಿಗೊಂದು ಪಿಂಗ್ ಬಿಟ್ಟರೆ ಫಲಿತಾಂಶ ಚೆಂದ ಬರುತ್ತದೆ, ಏಕೆಂದರೆ ಮೋಡೆಮ್‌ಗೆ ನಿದ್ದೆಯೇ ಹತ್ತುವುದಿಲ್ಲ. ಆದರೆ ಐಇಸಿ 60870-5-104ರಲ್ಲಿ (ಆರ್‌ಟಿಯು ಮತ್ತು ಕಂಟ್ರೋಲ್ ಸೆಂಟರ್ ಮಾತಾಡುವ ಪ್ರೋಟೋಕಾಲ್) ಸುದ್ದಿಯಿಲ್ಲದ ಹೊತ್ತಿನಲ್ಲಿ ಟೆಸ್ಟ್ ಫ್ರೇಮ್ ಹೊರಡುವುದು ಟಿ3 ಎಂಬ ಟೈಮರ್ ಮುಗಿದ ಮೇಲೆ, ಸಾಮಾನ್ಯವಾಗಿ 20 ಸೆಕೆಂಡಿಗೆ. ಅಷ್ಟರಲ್ಲಿ ನೆಟ್‌ವರ್ಕ್ ಮೋಡೆಮನ್ನು ಐಡಲ್‌ಗೆ ತಳ್ಳಿರಬಹುದು. ಅದಕ್ಕೇ 30 ಸೆಕೆಂಡಿಗೊಂದರಂತೆ ಪೂರ್ತಿ 24 ಗಂಟೆ ಓಡಿಸುತ್ತೇನೆ. ಎಚ್ಚರಾಗಲು ಬೇಕಾದ ಸಮಯ ಆಗ ಗೊತ್ತಾಗುತ್ತದೆ, ಸಂಜೆಯ ದಟ್ಟಣೆಯೂ ಸಿಗುತ್ತದೆ. ಟಿ1 ಟೈಮರ್‌ನ, ಸಾಮಾನ್ಯವಾಗಿ 15 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಕನೆಕ್ಷನ್ ಕಡಿಯುತ್ತದೆ, ನೆನಪಿರಲಿ.

ಡಿಎಫ್ ಬಿಟ್ (ಪ್ಯಾಕೆಟ್ ಒಡೆಯಬೇಡಿ ಎಂಬ ಗುರುತು) ಹಾಕಿ 1372 ಬೈಟ್‌ನ ಪಿಂಗ್ ಕೂಡ ಕಳಿಸಿ. ಹೆಡರ್ ಸೇರಿ 1400 ಆಗುತ್ತದೆ. ವಿಪಿಎನ್ ಒಳಗೆ ಇದು ಸತ್ತರೂ ಸ್ಕಾಡಾ (ಕಂಟ್ರೋಲ್ ಸೆಂಟರ್‌ನ ನಿಗಾ ವ್ಯವಸ್ಥೆ) ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, 104ರ ಫ್ರೇಮ್ 255 ಬೈಟ್ ದಾಟುವುದಿಲ್ಲವಲ್ಲ! ರಿಲೇಯಿಂದ ಡಿಸ್ಟರ್ಬೆನ್ಸ್ ಫೈಲ್ (ಲೈನ್‌ನಲ್ಲಿ ದೋಷವಾದ ಹೊತ್ತಿನ ದಾಖಲೆ) ಇಳಿಸಲು ಹೋದಾಗ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ರೌಟರ್‌ನಲ್ಲಿ ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ಹೋಗುವ ಡೇಟಾದ ಮಿತಿ) ಇಳಿಸಿದರೆ ಸರಿಹೋಗುತ್ತದೆ.

ಎರಡು ಸಿಮ್ ಇದ್ದರೆ ಒಂದನ್ನು ಕಿತ್ತು ಪರೀಕ್ಷಿಸಬೇಡಿ. ನಿಜವಾದ ತೊಂದರೆ ಬರುವುದು ಸಿಮ್ ರಿಜಿಸ್ಟರ್ ಆಗಿದ್ದೂ ಡೇಟಾ ಹರಿಯದಿದ್ದಾಗ. ಕಂಟ್ರೋಲ್ ಸೆಂಟರ್ ಕಡೆಯ ಐಪಿಯನ್ನು ಬ್ಲಾಕ್ ಮಾಡಿ, ರೌಟರ್ ತಾನಾಗಿ ಎರಡನೇ ಸಿಮ್‌ಗೆ ಜಿಗಿಯುತ್ತದೆಯೇ ನೋಡಿ.

ಕೊನೆಯ ಪರೀಕ್ಷೆ ಕರೆಂಟ್ ಇಲ್ಲದಾಗ. ಈ ಲಿಂಕ್ ತೀರಾ ಬೇಕಾಗುವುದು ಫೀಡರ್ (ಆ ಕಡೆಗೆ ಕರೆಂಟ್ ತರುವ ಲೈನ್) ಬಿದ್ದಾಗ, ಹತ್ತಿರದ ಟವರ್‌ಗೂ ಹಲವು ಕಡೆ ಕರೆಂಟ್ ಬರುವುದು ಅದೇ ಫೀಡರಿನಿಂದ. ಲೈನ್‌ಮನ್‌ಗಳು ಎಲ್‌ಸಿ (ಲೈನ್ ಕ್ಲಿಯರ್, ಕೆಲಸಕ್ಕಾಗಿ ಲೈನ್ ಬಂದ್ ಮಾಡುವ ಅನುಮತಿ) ತೆಗೆದುಕೊಳ್ಳುವ ದಿನ ತಿಳಿದುಕೊಂಡು, ಬೆಳಿಗ್ಗೆಯೇ ಲಾಗ್ ಹಚ್ಚಿ, ಸೆಲ್ ಐಡಿ (ಮೋಡೆಮ್ ಹಿಡಿದಿರುವ ಸೆಲ್‌ನ ಗುರುತು ಸಂಖ್ಯೆ) ಬದಲಾಗುವ ಹೊತ್ತು ಗುರುತು ಹಾಕಿಕೊಳ್ಳುತ್ತೇನೆ. ಟವರ್‌ನ ಬ್ಯಾಟರಿ ಮುಗಿದರೆ ಮೋಡೆಮ್ ದೂರದ ಟವರ್ ಹುಡುಕುತ್ತದೆ. ಒಂದೇ ದಿಕ್ಕಿಗೆ ತಿರುಗಿಸಿದ ಪ್ಯಾನಲ್ ಆಂಟೆನಾ ಆಗ ಕೈಕೊಡುತ್ತದೆ. ಅಂಥ ಜಾಗಕ್ಕೆ ಗೇನ್ ಕಡಿಮೆಯಾದರೂ ಸರಿ, ಸುತ್ತಲೂ ಕೇಳುವ ಆಮ್ನಿಯನ್ನೇ ಹಾಕುತ್ತೇನೆ.